ತಂಬಿಗೆ ಮೇಸ್ತ್ರಿಯ ಅಂಗಳ

ತಂಬಿಗೆ ಮೇಸ್ತ್ರಿಗೆ ಆ ಹೆಸರು ಬಂದದ್ದು ಅವನ ಕೆಲಸದ ಚೀಲದಿಂದ. ಅದರಲ್ಲಿ ಕರಣೆ, ದಾರದುಂಡೆ, ಮಟ್ಟಗೋಲುಗಳ ಜೊತೆಗೆ ಒಂದು ಹಿತ್ತಾಳೆಯ ತಂಬಿಗೆ ಸದಾ ಇರುತ್ತಿತ್ತು. ಬೆಳ್ಳಂಬೆಳಗ್ಗೆ ಅದನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ಹೊರಟರೆ, "ಏನ್ ಮೇಸ್ತ್ರಿ, ಅರ್ಜೆಂಟಾ?" ಎಂದು ಕಿಚಾಯಿಸದವರೇ ಇಲ್ಲ. ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ನಂಗಲ್ಲಪ್ಪ, ನಿಮ್ಮ ಅಂಗಳಕ್ಕೆ" ಎಂದು ಹೇಳಿ ಮುಂದೆ ಹೋಗುತ್ತಿದ್ದ.

ಅವನ ಕಸುಬು ಮನೆ ಕಟ್ಟುವುದಲ್ಲ. ಗೋಡೆ, ತಾರಸಿ, ಮೆಟ್ಟಿಲು ಎಲ್ಲ ಬೇರೆಯವರದ್ದು. ಅವರೆಲ್ಲ ಕೆಲಸ ಮುಗಿಸಿ ಹೋದ ಮೇಲೆ ಗೇಟಿನಿಂದ ಬಾಗಿಲವರೆಗೆ, ಕಾರು ಸ್ಕೂಟರು ನಿಲ್ಲುವ ಅಂಗಳಕ್ಕೆ ಕಾಂಕ್ರೀಟ್ ಹಾಕಲು ಅವನು ಬರುತ್ತಿದ್ದ. ಹಳೆಯದು ಬಿರುಕು ಬಿಟ್ಟಿದ್ದರೆ ಕಿತ್ತು ಹೊಸದು ಹಾಕುವವನೂ ಅವನೇ. ಅದೇನು ಮಹಾ, ಜಲ್ಲಿ ಸುರಿದು ಸಿಮೆಂಟ್ ಬಳಿಯೋದು ತಾನೆ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ ಬಿಡಿ. ಮಳೆ ನಿಂತು ಎರಡು ದಿನವಾದರೂ ನಿಮ್ಮ ಕಾರಿನ ಕೆಳಗೆ ಸೊಳ್ಳೆ ಮೊಟ್ಟೆ ಇಡುವಷ್ಟು ನೀರು ನಿಂತಿದ್ದಾಗ ಗೊತ್ತಾಗುತ್ತದೆ ಅದೇನು ಮಹಾ ಅಂತ. ಅಂಗಳಕ್ಕೆ ವಾಟ ಕೊಡಬೇಕು. ವಾಟ ಎಂದರೆ ಕಣ್ಣಿಗೆ ಕಾಣದಷ್ಟು ಇಳಿಜಾರು. ನಡೆಯುವವರ ಕಾಲಿಗೆ ಅದು ತಿಳಿಯಬಾರದು, ನೀರಿಗೆ ತಿಳಿಯಬೇಕು. ಆ ವಾಟ ಅವನ ಕೈಗೆ ಒಲಿದಿತ್ತು.

ಕೆಲಸ ಮುಗಿದ ದಿನ ಒಂದು ಸಣ್ಣ ಪರೀಕ್ಷೆ ಇರುತ್ತಿತ್ತು. ಮನೆಯವರನ್ನೆಲ್ಲ ಹೊರಗೆ ಕರೆದು ನಿಲ್ಲಿಸಿ, ತಂಬಿಗೆ ತುಂಬ ನೀರು ತರಿಸಿ, ಬಾಗಿಲ ಬುಡದಲ್ಲಿ ನಿಧಾನವಾಗಿ ಹುಯ್ಯುತ್ತಿದ್ದ. ನೀರು ಒಂದು ಗಳಿಗೆ ಅನುಮಾನಿಸಿ, ಆಮೇಲೆ ತೆಳ್ಳಗೆ ಹರಿದು, ಗೇಟಿನ ಕೆಳಗೆ ನುಸುಳಿ ಬೀದಿಗೆ ಇಳಿಯುತ್ತಿತ್ತು. ಎಲ್ಲರೂ ನೀರನ್ನು ನೋಡುತ್ತಿದ್ದರೆ ಅವನು ಅವರ ಮುಖ ನೋಡುತ್ತಿದ್ದ. "ಒಂದು ತೊಟ್ಟೂ ನಿಲ್ಲಲ್ಲ" ಎಂದು ಹೇಳಿ ತಂಬಿಗೆಯನ್ನು ಬೋರಲು ಹಾಕಿ ಒದರಿದರೆ ಕೆಲಸ ಮುಗಿದ ಹಾಗೆ.

ಅವನಿದ್ದ ಬೀದಿಯಲ್ಲಿ ಇಪ್ಪತ್ತಾರು ಮನೆ. ಬೀದಿ ಮೇಲಿನಿಂದ ಕೆಳಕ್ಕೆ ಇಳಿದು ಮುಖ್ಯರಸ್ತೆಗೆ ಸೇರುತ್ತದೆ. ಇಪ್ಪತ್ತೈದು ಅಂಗಳಗಳೂ ಅವನ ಕೈಯವೇ. ಒಬ್ಬರು ಮಾಡಿಸಿದರೆಂದು ಪಕ್ಕದವರು, ಪಕ್ಕದವರು ಮಾಡಿಸಿದರೆಂದು ಎದುರಿನವರು. ಎಲ್ಲರದ್ದೂ ಒಂದೇ ಮಾತು: "ನೀರು ಬೀದಿಗೆ ಹೋಗ್ಬಿಡ್ಬೇಕು ಮೇಸ್ತ್ರಿ." ಅವನೂ ಉತ್ಸಾಹದಿಂದ ಎರಡು ಮಾತು ಸೇರಿಸುತ್ತಿದ್ದ. "ಈ ಮೂಲೇಲಿ ಮಣ್ಣು ಯಾಕೆ ಬಿಡ್ತೀರಿ? ಕಳೆ ಬೆಳೆಯುತ್ತೆ, ಇಲಿ ಬಿಲ ತೋಡುತ್ತೆ. ಗೋಡೆಯಿಂದ ಗೋಡೆಗೆ ಮುಚ್ಚಿಬಿಡೋಣ." ಮುಚ್ಚಿಬಿಟ್ಟ. ಹದಿನಾರು ವರ್ಷದಲ್ಲಿ ಬೀದಿಯ ಉದ್ದಕ್ಕೂ ಒಂದು ಬೊಗಸೆ ಮಣ್ಣೂ ಕಾಣದ ಹಾಗೆ ಮುಚ್ಚಿದ. ಇಪ್ಪತ್ತಾರನೆಯದು ಅವನದೇ ಮನೆ, ಬೀದಿಯ ಕಟ್ಟಕಡೆಯಲ್ಲಿ, ಎಲ್ಲಕ್ಕಿಂತ ತಗ್ಗಿನಲ್ಲಿ. ಅದಕ್ಕೆ ಮಾತ್ರ ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಅವನ ಹೆಂಡತಿ ಬಸ್ ಕಂಡಕ್ಟರ್ ಆಗಿದ್ದವಳು. ಇಪ್ಪತ್ತೆರಡು ವರ್ಷ ನಿಂತೇ ದುಡಿದ ಹೆಂಗಸು. ಜನ ತುಂಬಿ ತುಳುಕುವ ಬಸ್ಸಿನಲ್ಲಿ ಅವಳು "ಒಳಗ್ ಹೋಗಿ, ಒಳಗ್ ಹೋಗಿ, ಒಳಗೇನ್ ಹುಲಿ ಇದ್ಯಾ?" ಎಂದರೆ ಬಾಗಿಲಲ್ಲಿ ನೇತಾಡುವ ಗಂಡಸರೂ ತೆಪ್ಪಗೆ ಒಳಗೆ ಸರಿಯುತ್ತಿದ್ದರು. ಮನೆಯಲ್ಲೂ ಅದೇ ಗತ್ತು. ಮೇಸ್ತ್ರಿ ಊಟಕ್ಕೆ ತಡ ಮಾಡಿದರೆ ಅಡುಗೆಮನೆಯಿಂದಲೇ "ಲಾಸ್ಟ್ ಸ್ಟಾಪ್, ಲಾಸ್ಟ್ ಸ್ಟಾಪ್" ಎಂದು ಕೂಗುತ್ತಿದ್ದಳು. ಮಕ್ಕಳಿಲ್ಲ. ಇಬ್ಬರೇ ಇದ್ದರೂ ಮನೆ ಗಿಜಿಗುಡುತ್ತಿತ್ತು.

ನಲವತ್ತೆಂಟನೆಯ ವಯಸ್ಸಿನಲ್ಲಿ ಅವಳಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಮೂರು ತಿಂಗಳಲ್ಲಿ ಮರಳಿತು. ಕೈಕಾಲು ಮರಳಲಿಲ್ಲ. ಗಾಲಿಕುರ್ಚಿ ಬಂತು. ಅದನ್ನು ಅವಳು ತನ್ನದೇ ಒಂದು ವಿಧಾನದಲ್ಲಿ ಓಡಿಸಲು ಕಲಿತಳು: ಬಲಗೈಯಿಂದ ಗಾಲಿ ತಿರುಗಿಸುವುದು, ಬಲಗಾಲಿನಿಂದ ನೆಲ ಒತ್ತಿ ದಿಕ್ಕು ಹಿಡಿಯುವುದು. ನೆಲ ನುಣ್ಣಗಿದ್ದರೆ, ಮಟ್ಟವಾಗಿದ್ದರೆ ಹೋಗುತ್ತಾಳೆ. ಒಂದು ಜಲ್ಲಿಕಲ್ಲು ಅಡ್ಡ ಬಂದರೆ ನಿಂತಳು. ಒಂದಿಷ್ಟು ಏರು ಬಂದರೂ ಕುರ್ಚಿ ಹಿಂದಕ್ಕೆ ಜಾರುತ್ತದೆ.

ಮನೆಯ ಮುಂದಿನ ಅಂಗಳದಲ್ಲೋ, ಬರೀ ಬಿರುಕು, ಬರೀ ಜಲ್ಲಿ. ಹನ್ನೆರಡು ವರ್ಷದ ಹಿಂದೆ ಒಂದು ಮಳೆಗೆ ಬೀದಿಯ ನೀರು ಒಳಗೆ ಬಂದಿತ್ತೆಂದು ಮೇಸ್ತ್ರಿಯೇ ಗೇಟಿನ ಕೆಳಗೆ ಗೇಣೆತ್ತರದ ಅಡ್ಡಗಟ್ಟೆಯೊಂದನ್ನು ಕಟ್ಟಿದ್ದ. ಆಮೇಲೆ ನೀರು ಬರಲಿಲ್ಲ, ಕಟ್ಟೆಯ ವಿಷಯವೂ ಮರೆತುಹೋಯಿತು. ನಡೆಯುವವರು ದಾಟುತ್ತಿದ್ದರು, ಅಷ್ಟೆ. ಈಗ ಅವಳು ದಿನಾ ಸಂಜೆ ಅವನ ಕೈಯಲ್ಲಿ ತಳ್ಳಿಸಿಕೊಂಡು ಆ ಕಟ್ಟೆಯವರೆಗೆ ಬಂದು, ಗೇಟಿನ ಒಳಗೇ ಕೂರುತ್ತಿದ್ದಳು. ಬೀದಿಯ ಬಾಯಲ್ಲಿ, ಮಟ್ಟವಾದ ನಲವತ್ತು ಹೆಜ್ಜೆ ಆಚೆ ಬಸ್ ಸ್ಟಾಪ್. ಅವಳು ದುಡಿದ ಬಸ್ಸು ಐದೂಕಾಲಿಗೆ ಅಲ್ಲಿ ನಿಲ್ಲುತ್ತಿತ್ತು. ಹಾರ್ನ್ ಕೇಳುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ. ಪಕ್ಕದ ಕಾಂಪೌಂಡ್ ಗೋಡೆ ಅಡ್ಡ.

ಒಂದು ಸಂಜೆ ಹಾರ್ನ್ ಕೇಳಿ, ಬಸ್ಸು ಹೋದ ಮೇಲೆ ಅವಳೆಂದಳು: "ರೀ, ಮೂವತ್ತು ವರ್ಷ ಊರೋರ ಅಂಗಳ ಮಾಡಿದ್ರಿ. ನಂದೊಂದು ನಲವತ್ತು ಹೆಜ್ಜೆ ಮಾಡ್ಕೊಡಿ. ಯಾರೂ ತಳ್ಳಬಾರದು. ನಾನೇ ಹೋಗ್ಬೇಕು, ನಾನೇ ಬರ್ಬೇಕು. ಅಷ್ಟೇ ಸಾಕು ನಂಗೆ."

ಅವನಿಗೆ ನಾಚಿಕೆಯಾಯಿತು. ಕೇಳಿಸಿಕೊಂಡವರಿಗೂ ಆಗುವಂಥದ್ದೇ. ಮಾರನೆಯ ದಿನವೇ ಒಪ್ಪಿಕೊಂಡಿದ್ದ ಬೇರೆ ಎರಡು ಕೆಲಸಗಳಿಗೆ ಬರೋದಿಲ್ಲ ಎಂದು ಹೇಳಿ ಕಳಿಸಿದ.

ಜೊತೆಗೆ ಬಂದವಳು ಗಾರೆ ಅಕ್ಕ. ಅವನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಮೊದಲ ದಿನದಿಂದ ಅವನಿಗೆ ಸಿಮೆಂಟ್ ಕಲಸಿಕೊಟ್ಟವಳು, ಅವನನ್ನು ನೀನು ಎಂದು ಕರೆಯುವ ಧೈರ್ಯ ಇದ್ದ ಒಬ್ಬಳೇ ಕೆಲಸಗಾರ್ತಿ. ಇಬ್ಬರೂ ಸೇರಿ ಹಳೆಯ ಕಾಂಕ್ರೀಟನ್ನು ಕಿತ್ತರು. ಗೇಟಿನ ಕೆಳಗಿನ ಕಟ್ಟೆಯನ್ನು ಒಡೆದರು. ಮನೆಬಾಗಿಲಿನ ಹೊಸ್ತಿಲನ್ನೂ ಕಿತ್ತು, ನೆಲಕ್ಕೆ ಸಮ ಮಾಡಿದರು. ಹಾಗಾದರೆ ಬೀದಿಯ ನೀರು? ಅದಕ್ಕೂ ಅವನು ಯೋಚಿಸಿದ್ದ. ಗೇಟಿನ ಉದ್ದಕ್ಕೂ ಒಂದು ಸಣ್ಣ ಕಾಲುವೆ ತೋಡಿ, ಮೇಲೆ ಗಾಲಿ ಸಿಕ್ಕಿಕೊಳ್ಳದ ಕಬ್ಬಿಣದ ಜಾಲರಿ ಹಾಕಿದ. ಬೀದಿಯ ನೀರು ಬಂದರೆ ಜಾಲರಿಯಲ್ಲಿ ಇಳಿಯುತ್ತದೆ, ಕಾಲುವೆಯಿಂದ ಚರಂಡಿಗೆ ಸೇರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ಮೇಲಿನ ಪದರವನ್ನು ಅವನು ಯಾರ ಮನೆಗೂ ಹಾಕದ ಹಾಗೆ ಹಾಕಿದ. ಬಲಗಾಲು ಜಾರಬಾರದೆಂದು ಪೊರಕೆಯಲ್ಲಿ ಎಳೆದು ಸಣ್ಣ ಗೆರೆ ಮೂಡಿಸಿದ. ಗಾಲಿ ಉರುಳುವ ಎರಡು ಪಟ್ಟೆಗಳನ್ನು ಮಾತ್ರ ಗಾಜಿನಷ್ಟು ನುಣ್ಣಗೆ ಉಜ್ಜಿದ. ಗಾರೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಮದುವೆಯಾದ ಹೊಸದರಲ್ಲೂ ಇಷ್ಟು ಉಪಚಾರ ಮಾಡಿದ್ದಿಲ್ಲ ನೀನು" ಎಂದಳು. ಒಳಗಿನಿಂದ ಹೆಂಡತಿ, "ಕೇಳು ಅಕ್ಕ, ಕೇಳು, ಚೆನ್ನಾಗಿ ಕೇಳು" ಎಂದು ಕೂಗಿದಳು.

ಹತ್ತು ದಿನ ಗೋಣಿಚೀಲ ಹೊದಿಸಿ, ನೀರುಣಿಸಿ, ಹನ್ನೊಂದನೆಯ ದಿನ ಪರೀಕ್ಷೆ. ಬಾಗಿಲ ಬುಡದಲ್ಲಿ ಒಂದು ತಂಬಿಗೆ. ನೀರು ಹರಿಯಿತು, ಜಾಲರಿಯಲ್ಲಿ ಇಳಿಯಿತು, ಚರಂಡಿಯಲ್ಲಿ ತೊಟತೊಟ ಸದ್ದಾಯಿತು. "ಒಂದು ತೊಟ್ಟೂ ನಿಲ್ಲಲ್ಲ."

ಗಾರೆ ಅಕ್ಕ ಮಾತ್ರ ಹುಬ್ಬು ಗಂಟಿಕ್ಕಿಕೊಂಡೇ ಇದ್ದಳು. "ಆ ಕಡೆಯಿಂದ್ಲೂ ಒಂದಷ್ಟು ಹುಯ್ದು ನೋಡು."

"ಯಾವ ಕಡೆಯಿಂದ?"

"ಬೀದಿ ಕಡೆಯಿಂದ. ಒಂದು ತಂಬಿಗೆ ಅಲ್ಲ, ನಾಲ್ಕು ಡ್ರಮ್ ಹುಯ್ದು ನೋಡು."

ಅವನು ನಕ್ಕ. "ಬೀದಿಗೆ ನೀರು ಹುಯ್ಯೋದು ಮಳೆ ಕೆಲಸ ಅಕ್ಕ. ನಂದು ಅಂಗಳದ ಕೆಲಸ."

ಮೂವತ್ತು ವರ್ಷ ಅವನು ನೀರನ್ನು ಬಾಗಿಲಿನಿಂದಲೇ ಹುಯ್ದವನು. ಮನೆಯ ನೀರು ಆಚೆ ಹೋಗುತ್ತದೆಯೇ ಎಂದು ನೋಡುವುದು ಅವನ ವಿದ್ಯೆ. ಆಚೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಹೆಂಡತಿಯ ಜೀವವೇ ನೇತಾಡುವ ಅಂಗಳದಲ್ಲೂ ಅದೇ ಒಂದು ತಂಬಿಗೆಯನ್ನು ನಂಬಿದನಲ್ಲ, ಅದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಐದು ವಾರ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತು ಎಂದರೆ, ಆ ಐದು ವಾರವನ್ನು ನೋಡದಿದ್ದರೆ ಮುಂದಿನದು ಇಷ್ಟು ನೋಯುತ್ತಿರಲಿಲ್ಲ. ಐದು ಗಂಟೆಗೆ ಅವಳು ತಲೆ ಬಾಚಿಕೊಂಡು, ಕತ್ತಿನಲ್ಲಿ ಹಳೆಯ ಸೀಟಿ ನೇತುಹಾಕಿಕೊಂಡು, ಒಂದು ಕೈ ಒಂದು ಕಾಲಿನಲ್ಲಿ ಅಂಗಳ ದಾಟಿ, ಜಾಲರಿಯ ಮೇಲೆ ಗಡಗಡ ಸದ್ದು ಮಾಡಿ, ಬೀದಿಯ ಬಾಯಿಗೇ ಹೋಗುತ್ತಿದ್ದಳು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಮೊದಲ ದಿನ ಮೇಸ್ತ್ರಿ ಹಿಂದೆ ಹಿಂದೆಯೇ ಹೊರಟಿದ್ದಕ್ಕೆ, "ಟಿಕೆಟ್ ಇಲ್ದೆ ಹತ್ತಿದೋರೆಲ್ಲ ಇಳೀರಿ" ಎಂದು ತಿರುಗಿಯೂ ನೋಡದೆ ಹೇಳಿದಳು. ಅವನು ಗೇಟಿನಲ್ಲೇ ನಿಂತ. ಬಸ್ಸು ಬಂತು. ಡ್ರೈವರ್ ಇವಳನ್ನು ನೋಡಿ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಎತ್ತಿದ. ಈಗಿನ ಕಂಡಕ್ಟರ್ ಹುಡುಗಿ ಇಳಿದು ಬಂದು ತಬ್ಬಿಕೊಂಡಳು. ಅಕ್ಕಾ, ಮೇಡಂ, ಕಂಡಕ್ಟ್ರಮ್ಮಾ ಎಂದು ಕಿಟಕಿಗಳಲ್ಲಿ ತಲೆಗಳು. ಒಂದು ನಿಮಿಷ ನಿಂತಿದ್ದ ಬಸ್ಸಿಗೆ ಅವಳೇ ಸೀಟಿ ಊದಿ, "ರೈಟ್, ರೈಟ್" ಎಂದಳು. ಬಸ್ಸು ಹೊರಟಿತು. ಗೇಟಿನಲ್ಲಿ ನಿಂತಿದ್ದ ಮೇಸ್ತ್ರಿ ಕಣ್ಣಿಗೆ ಸಿಮೆಂಟ್ ಧೂಳು ಬಿತ್ತು ಎಂದುಕೊಂಡು ಒರೆಸಿಕೊಂಡ. ಅವತ್ತು ಅವನು ಸಿಮೆಂಟ್ ಮುಟ್ಟಿರಲೇ ಇಲ್ಲ.

ದಿನಾ ಹೋದಳು. ಭಾನುವಾರವೂ ಹೋದಳು. ಮುಖದಲ್ಲಿ ಬಣ್ಣ ಬಂತು. ಮತ್ತೆ "ಲಾಸ್ಟ್ ಸ್ಟಾಪ್" ಕೂಗು ಶುರುವಾಯಿತು.

ಮಳೆಗಾಲಕ್ಕೆ ಇನ್ನೂ ತಿಂಗಳಿತ್ತು. ಆದರೆ ಈಗ ಮಳೆಗೆ ಕಾಲ ಎಲ್ಲಿದೆ ಹೇಳಿ. ಒಂದು ಮಧ್ಯಾಹ್ನ ಆಕಾಶ ಇದ್ದಕ್ಕಿದ್ದಂತೆ ಕಪ್ಪಾಯಿತು. ಮೇಸ್ತ್ರಿ ಊರಿನ ಇನ್ನೊಂದು ತುದಿಯಲ್ಲಿ ಕೆಲಸದಲ್ಲಿದ್ದ. ಹಸಿ ಕಾಂಕ್ರೀಟಿನ ಮೇಲೆ ಟಾರ್ಪಾಲು ಎಳೆಯುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ಮೂರೂವರೆಗೆ ಹೆಂಡತಿಯ ಫೋನು.

"ರೀ, ಬೀದಿ ನೀರು ಗೇಟಿನ ಒಳಗೆ ಬರ್ತಿದೆ."

"ಜಾಲರೀಲಿ ಇಳಿಯುತ್ತೆ. ಗಾಬರಿ ಆಗ್ಬೇಡ."

"ಇಳೀತಿಲ್ಲ. ಜಾಲರಿಯಿಂದಾನೇ ಉಕ್ತಿದೆ."

ಜಾಲರಿಯಿಂದ ನೀರು ಉಕ್ಕುತ್ತದೆ ಎಂದರೆ ಚರಂಡಿಯೇ ತುಂಬಿದೆ ಎಂದರ್ಥ. ನೀರು ಹೊರಹೋಗಲೆಂದು ಅವನು ಬಿಟ್ಟ ದಾರಿಯಲ್ಲೇ ಅದು ಒಳಗೆ ಬರುತ್ತಿದೆ. "ಬಾಗಿಲು ಹಾಕ್ಕೋ" ಎಂದ.

"ಹಾಕಿದೀನಿ. ಕೆಳಗಿಂದ ಬರ್ತಿದೆ. ಹೊಸ್ತಿಲು ತೆಗೆದ್ರಲ್ಲ."

"ಪಕ್ಕದ ಮನೆಯವರನ್ನ ಕರಿ."

"ಬೀಗ ಹಾಕಿದೆ. ಎದುರಿನವ್ರು ಬರೋಕೆ ನೋಡಿದ್ರು, ಬೀದೀಲಿ ಕಾಲು ನಿಲ್ಲದಷ್ಟು ಸೆಳವಂತೆ. ನೀವು ಓಡ್ಬೇಡಿ, ಜಾರ್ತೀರ. ನಾನು ಬ್ರೇಕ್ ಹಾಕ್ಕೊಂಡು ಕೂತಿದೀನಿ."

ಓಡಿದ. ಬಸ್ಸು, ಆಟೊ ಒಂದೂ ಇಲ್ಲ. ಮೊಣಕಾಲು ನೀರಿನಲ್ಲಿ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಗಂಟೆ ನಡೆದ. ಹೆಗಲಲ್ಲಿ ಚೀಲ, ಚೀಲದಲ್ಲಿ ತಂಬಿಗೆ. ಅದು ಹೆಜ್ಜೆ ಹೆಜ್ಜೆಗೂ ಸೊಂಟಕ್ಕೆ ಬಡಿಯುತ್ತಿತ್ತು. ಫೋನು ಆಮೇಲೆ ಹತ್ತಲಿಲ್ಲ. ದಾರಿಯಲ್ಲಿ ಎಷ್ಟೋ ಮನೆಗಳ ಮುಂದೆ ತಾನೇ ಹಾಕಿದ ಅಂಗಳಗಳು ಕಂಡವು. ಒಂದರಲ್ಲೂ ನೀರು ನಿಂತಿರಲಿಲ್ಲ. ಎಲ್ಲವೂ ಚೊಕ್ಕವಾಗಿ ಬೀದಿಗೆ ಸುರಿಯುತ್ತಿದ್ದವು. ತನ್ನ ಬೀದಿಯ ಮೇಲ್ತುದಿಗೆ ಬಂದು ನಿಂತಾಗ, ಎಡಬಲದ ಇಪ್ಪತ್ತೈದು ಗೇಟುಗಳ ಕೆಳಗಿನಿಂದ ನೀರು ಧಾರೆಯಾಗಿ ಇಳಿದು, ಕೆಳಗಡೆಗೆ, ಒಂದೇ ಮನೆಯ ಕಡೆಗೆ ಹೋಗುತ್ತಿರುವುದನ್ನು ನೋಡಿದ. ಅಯ್ಯೋ ಎಂದ. ಇದನ್ನೆಲ್ಲ ಮಾಡಿದವನು ಬೇರೆ ಯಾರೂ ಅಲ್ಲ, ನಾನೇ ಎಂದು ಅವನಿಗೆ ಆ ಕ್ಷಣದಲ್ಲಿ ಹೊಳೆಯಿತು.

ಮನೆಯೊಳಗೆ ಕಣಕಾಲು ಮುಳುಗುವಷ್ಟು ಕೊಳಚೆ ನೀರು. ಚಪ್ಪಲಿ, ಪ್ಲಾಸ್ಟಿಕ್ ಬಕೆಟ್ಟು, ಮಾತ್ರೆಯ ಡಬ್ಬಿ ಎಲ್ಲ ತೇಲುತ್ತಿದ್ದವು. ಒಂದು ತಗಡಿನ ಪೆಟ್ಟಿಗೆ ಅರ್ಧ ಮುಳುಗಿ ಅವಳ ಕುರ್ಚಿಗೆ ಬಡಿಯುತ್ತ ಅಲ್ಲೇ ಸುಳಿದಾಡುತ್ತಿತ್ತು. ಅವಳು ಬಲಗೈಯಲ್ಲಿ ಕುರ್ಚಿಯ ಬ್ರೇಕನ್ನು ಹಿಡಿದೇ ಕೂತಿದ್ದಳು. ಬೆರಳು ಬಿಡಿಸಲು ಅವನು ಒಂದೊಂದನ್ನೇ ಎಳೆಯಬೇಕಾಯಿತು.

"ಬಂದ್ರಾ" ಎಂದಳು. ಅವಳ ಗಂಟಲಲ್ಲಿ ಗತ್ತು ಇರಲಿಲ್ಲ. "ಸೀಟಿ ಊದಿದೆ ಕಣ್ರೀ. ತುಂಬಾ ಹೊತ್ತು ಊದಿದೆ. ಮಳೆ ಸದ್ದಿಗೆ ಯಾರಿಗೂ ಕೇಳಿಸ್ಲಿಲ್ಲ."

ಅವಳನ್ನು ಎತ್ತಿ ಮಂಚದ ಮೇಲೆ ಕೂರಿಸಿದಾಗ ಕಂಡಿತು. ಎಡಗಾಲಿನ ಹಿಮ್ಮಡಿಯ ಮೇಲೆ ಚರ್ಮ ಸುಲಿದುಹೋಗಿ ಮಾಂಸ ಕಾಣುತ್ತಿತ್ತು. ಪೆಟ್ಟಿಗೆಯ ಮೂಲೆ ಎರಡು ಗಂಟೆ ಅಲ್ಲೇ ಉಜ್ಜಿತ್ತು.

"ಹೌದಾ?" ಎಂದು ಅವಳು ಬಗ್ಗಿ ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದಳು. "ನಂಗೆ ಗೊತ್ತೇ ಆಗ್ಲಿಲ್ಲ."

ಗಾಯ ಕೀವುಗಟ್ಟಿತು. ಒಂಬತ್ತು ದಿನ ಆಸ್ಪತ್ರೆ. ಮನೆಗೆ ಕಳಿಸುವಾಗ ಡಾಕ್ಟರು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, "ಆ ಕಾಲಿಗೆ ರಕ್ತ ಓಡೋದೇ ಕಷ್ಟ. ಇನ್ನೊಂದು ಸಲ ಕೊಳಚೆ ನೀರು ತಾಗಿದ್ರೆ ಕಾಲು ಉಳಿಸೋದು ನನ್ನ ಕೈಲಿಲ್ಲ" ಎಂದರು.

ಆಟೊದಲ್ಲಿ ಬರುವಾಗ ಅವಳು ಕೇಳಿದ್ದು ಒಂದೇ. "ಕಟ್ಟೆ ಮತ್ತೆ ಕಟ್ತೀರಾ?"

"ಇಲ್ಲ. ಬೇರೆ ದಾರಿ ಹುಡುಕ್ತೀನಿ."

"ಮಾತು ಕೊಡಿ."

ಕೊಟ್ಟ.

ಬೇರೆ ದಾರಿ ಹುಡುಕಲು ಅವನು ಮೊದಲು ಹೋದದ್ದು ಚರಂಡಿಯ ಎಂಜಿನಿಯರ್ ಹತ್ತಿರ. ಅವನು ಒಳ್ಳೆಯವನೇ, ಸ್ಥಳಕ್ಕೆ ಬಂದು ನೋಡಿದ. ಬೀದಿಯ ಚರಂಡಿ ಮುಖ್ಯರಸ್ತೆಯ ಕೆಳಗೆ ಒಂದು ಪೈಪಿನಲ್ಲಿ ದಾಟುತ್ತದೆ. "ಈ ಪೈಪು ಹಾಕಿದಾಗ ಈ ಬೀದಿ ಅಂಗಳಗಳೆಲ್ಲ ಮಣ್ಣು ಮೇಸ್ತ್ರಿ. ಬಿದ್ದ ಮಳೇಲಿ ಮುಕ್ಕಾಲು ಅಲ್ಲೇ ಇಂಗ್ತಿತ್ತು. ಈಗ ಯಾರೋ ಎಲ್ಲಾ ಮುಚ್ಚಿಬಿಟ್ಟಿದಾರೆ, ಅಷ್ಟೂ ನೀರು ಒಂದೇ ಸಲ ಬರುತ್ತೆ. ಪೈಪು ಏನು ಮಾಡುತ್ತೆ ಪಾಪ."

"ಯಾರೋ ಅಲ್ಲ ಸಾರ್. ನಾನೇ."

ಎಂಜಿನಿಯರ್ ನಗಬೇಕೋ ಬೇಡವೋ ತಿಳಿಯದೆ ತಲೆ ಕೆರೆದುಕೊಂಡ. ಮುಖ್ಯರಸ್ತೆ ಅಗೆಯುವುದು ತನ್ನ ಕೈಲಿಲ್ಲ, ಬರೆದು ಹಾಕುತ್ತೇನೆ, ಆದಾಗ ಆಗುತ್ತದೆ ಎಂದು ಹೇಳಿ ಹೋದ.

ಹಾಗಾದರೆ ಉಳಿದದ್ದು ಬೀದಿಯ ಜನ. ಒಂದೊಂದು ಮನೆಯವರೂ ಅಂಗಳದ ಅಂಚಿನಲ್ಲಿ ಎರಡಡಿ ಅಗಲದ ಪಟ್ಟಿ ಒಡೆಸಿ, ಒಂದು ಇಂಗುಗುಂಡಿ ತೋಡಿಸಿದರೆ ಬೀದಿಗೆ ಬರುವ ನೀರು ಅರ್ಧಕ್ಕರ್ಧ ಇಳಿಯುತ್ತದೆ. ಒಡೆಯುವುದೂ ತೋಡುವುದೂ ತಾನೇ ಮಾಡಿಕೊಡುತ್ತೇನೆ, ಬಿಟ್ಟಿಯಾಗಿ. ಅದನ್ನು ಹೇಳಲು ಅವನು ಮನೆ ಮನೆಯ ಗೇಟು ತಟ್ಟಿದ. ಮೂವತ್ತು ವರ್ಷ ಜನ ಅವನನ್ನು ಕರೆಯಲು ಬಂದಿದ್ದರು. ಹೀಗೆ ಇನ್ನೊಬ್ಬರ ಗೇಟಿನಲ್ಲಿ ನಿಂತು ಬೇಡಿದ್ದು ಇದೇ ಮೊದಲು.

ಮೊದಲನೆಯ ಮನೆ ಔಷಧಿ ಅಂಗಡಿಯವರದ್ದು. "ಬನ್ನಿ ಬನ್ನಿ ಮೇಸ್ತ್ರಿ! ಅವತ್ತು ಅಷ್ಟು ಮಳೆ ಬಂತಲ್ಲ, ನಮ್ಮ ಅಂಗಳದಲ್ಲಿ ಒಂದು ತೊಟ್ಟು ನಿಂತಿದ್ರೆ ಕೇಳಿ! ಹದಿನಾಲ್ಕು ವರ್ಷ ಆಯ್ತು, ಒಂದು ಕೂದಲೆಳೆ ಬಿರುಕಿಲ್ಲ. ನಿಮ್ಮ ಕೈ ಅಂದ್ರೆ ಕೈ." ಒಡೆಯುವ ಮಾತು ಬಂದಾಗ ಅವರು ಅಂಗಳವನ್ನು ನೋಡಿದರು, ಅವನನ್ನು ನೋಡಿದರು. "ಇದನ್ನ ಒಡೆಯೋದಾ? ಮನಸ್ಸು ಬರುತ್ತಾ ನಿಮಗೆ?"

ಎರಡನೆಯ ಮನೆಯಲ್ಲಿ, ಮೂರನೆಯ ಮನೆಯಲ್ಲಿ ಅದೇ. ಬೈದು ಕಳಿಸಿದ್ದರೆ ಅವನೂ ಎರಡು ಮಾತಾಡಿ ಹಗುರಾಗುತ್ತಿದ್ದ. ಯಾರೂ ಬೈಯಲಿಲ್ಲ. ಕಾಫಿ ಕೊಟ್ಟರು, ಹೆಂಡತಿಯ ಆರೋಗ್ಯ ವಿಚಾರಿಸಿದರು, ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು. ಹನ್ನೊಂದನೆಯ ಮನೆಯ ರಿಟೈರ್ಡ್ ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ, "ನಾನು ಆವಾಗ್ಲೇ ಕೇಳ್ದೆ, ಆ ಮೂಲೇಲಿ ಒಂದು ಗಿಡಕ್ಕೆ ಮಣ್ಣು ಬಿಡೋಣ ಅಂತ. ನೀನೇ ಬೇಡ ಅಂದೆ. ಮಣ್ಣು ಬಿಟ್ರೆ ತೇವ ಪಾಯಕ್ಕೆ ಇಳಿಯುತ್ತೆ, ಗೋಡೆ ಬಿರುಕು ಬಿಡುತ್ತೆ ಅಂದೆ. ಈಗ ಗುಂಡಿ ತೋಡು ಅಂತೀಯ. ಯಾವುದು ನಿಜ ಹೇಳಪ್ಪಾ?" ಎಂದರು. ಅವರು ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ಮೇಸ್ತ್ರಿ ಮಂಡಿಯೂರಿ ಆ ಮೂಲೆಯ ಕಾಂಕ್ರೀಟಿನ ಮೇಲೆ ಕೈಯಾಡಿಸಿದ. ಕೊನೆಗೆ ಹೆಡ್‌ಮೇಷ್ಟ್ರೇ, "ಆಗ್ಲಿ, ಒಡಿ. ಗಿಡಾನಾದ್ರೂ ಆಗುತ್ತೆ" ಎಂದರು.

ಇಪ್ಪತ್ತೈದರಲ್ಲಿ ಒಂದು ಮನೆ. ಆ ಒಂದನ್ನು ಅವನು, ಗಾರೆ ಅಕ್ಕ ಸೇರಿ ಒಡೆದರು. ತನ್ನ ಕಾಂಕ್ರೀಟು ಎಷ್ಟು ಗಟ್ಟಿಯೆಂದು ಅವನಿಗೆ ಅವತ್ತು ಗೊತ್ತಾಯಿತು. ಎರಡಡಿ ಪಟ್ಟಿ ಒಡೆಯಲು ಎರಡು ದಿನ ಹಿಡಿಯಿತು, ಎರಡು ಉಳಿ ಮುರಿದವು. ಆ ಗುಂಡಿ ಎರಡು ಡ್ರಮ್ ನೀರು ಕುಡಿದೀತು. ಬೀದಿಗೆ ಅದು ಯಾವ ಮೂಲೆಗೆ?

ಆಮೇಲೆ ಅವನು ತನ್ನ ಅಂಗಳದಲ್ಲೇ ಏನೇನೋ ಮಾಡಿ ನೋಡಿದ. ಗೇಟಿಗೆ ಅಡ್ಡ ಇಟ್ಟಿಗೆ ಜೋಡಿಸಿ ಎರಡೂ ಕಡೆ ಇಳಿಜಾರಾಗಿ ಹಲಗೆ ಇಟ್ಟ. ಅವಳು ಒಂದು ಕೈ ಒಂದು ಕಾಲಿನಲ್ಲಿ ಹತ್ತಲು ಹೋಗಿ ಹಿಂದಕ್ಕೆ ಜಾರಿದಳು, ಅವನು ಹಿಡಿದುಕೊಳ್ಳದಿದ್ದರೆ ಮಗುಚಿಕೊಳ್ಳುತ್ತಿದ್ದಳು. ಅಂಗಳವನ್ನೇ ಉದ್ದಕ್ಕೂ ನಿಧಾನವಾಗಿ ಏರಿಸಿದರೆ? ಹದಿನೆಂಟು ಅಡಿಯಲ್ಲಿ ಒಂದು ಗೇಣು ಏರು ಅವಳ ಒಂಟಿ ಕಾಲಿಗೆ ಬೆಟ್ಟ, ಮೇಲಾಗಿ ಅಂಗಳದ ಮಳೆಯೆಲ್ಲ ಬಾಗಿಲಿಗೆ ಹರಿಯುತ್ತದೆ. ಬೇಕಾದಾಗ ಗೇಟಿಗೆ ಅಡ್ಡ ಇಟ್ಟು ತೆಗೆಯುವ ತಗಡು ಮಾಡಿಸಿದ. ಅದನ್ನು ಒಂದು ಕೈಯಲ್ಲಿ ಎತ್ತಿ ಅದರ ಸೀಳಿನಲ್ಲಿ ಕೂರಿಸಲು ಅವಳಿಂದ ಆಗಲಿಲ್ಲ, ಅವನಿಲ್ಲದ ಹೊತ್ತಿನಲ್ಲಿ ಮಳೆ ಬಂದರೆ ಕೂರಿಸುವವರಾರು? ಮಂಡಿಯೂರಿ ಕೂತು, ದಾರ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, ಅವನು ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ. ನೀರಿಗೆ ಹೋಗಲು ದಾರಿ ಬಿಟ್ಟರೆ ಅದು ಅದೇ ದಾರಿಯಲ್ಲಿ ಬರುತ್ತದೆ. ನೀರು ಬರದ ಹಾಗೆ ಕಟ್ಟಿದರೆ ಅವಳೂ ಹೋಗಲಾಗುವುದಿಲ್ಲ. ಮನೆಯನ್ನೇ ಎತ್ತರಿಸಬೇಕು. ಅದು ಅವನ ಕೈಮೀರಿದ ಮಾತು.

ಗಾಯ ಮಾಗುವ ಮೊದಲೇ ಇನ್ನೊಂದು ಮಳೆ ಬಂತು. ದೊಡ್ಡದಲ್ಲ. ಅವನು ಮನೆಯಲ್ಲೇ ಇದ್ದ. ಅವಳ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಎದುರು ಸ್ಟೂಲಿನ ಮೇಲೆ ಕೂತ. ಗೇಟಿಗೆ ತಗಡು ಅಡ್ಡ ಇಟ್ಟಿದ್ದರೂ ಜಾಲರಿಯಿಂದ ಉಕ್ಕಿದ ನೀರು ಬಾಗಿಲ ಕೆಳಗಿನಿಂದ ನಾಲಿಗೆ ಚಾಚಿ, ಕೋಣೆಯ ಮಧ್ಯದವರೆಗೆ ಬಂದು, ಅವನ ಪಾದ ನೆನೆಸಿ ನಿಂತಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು.

"ಕಟ್ಟಿಬಿಡಿ" ಎಂದಳು ಅವಳು.

"ಮಾತು ಕೊಟ್ಟಿದೀನಲ್ಲೇ."

"ನಾನೇ ವಾಪಸ್ ಕೊಡ್ತಿದೀನಿ. ತಗೊಳ್ಳಿ." ಅವನ ತೊಡೆಯ ಮೇಲಿದ್ದ ತನ್ನ ಕಾಲನ್ನು ತೋರಿಸಿ, "ಎಷ್ಟು ದಿನ ಅಂತ ನನ್ನ ಕಾಲು ಹೊತ್ಕೊಂಡು ಕೂತಿರ್ತೀರ" ಎಂದಳು.

ಅವನು ಅತ್ತ. ಗಂಡಸು ಅಳಬಾರದು ಎಂದೆಲ್ಲ ಹೇಳುತ್ತಾರಲ್ಲ, ಅವರು ಆ ಕೋಣೆಯಲ್ಲಿ ಇರಲಿಲ್ಲ. ಅವಳು ಬಲಗೈಯಲ್ಲಿ ಅವನ ತಲೆ ಸವರಿದಳು. "ಐದು ವಾರ ಹೋಗಿ ಬಂದೆನಲ್ಲ. ನೀವು ಮಾಡಿಕೊಟ್ರಿ, ಹೋದೆ" ಎಂದಳು.

ಕಟ್ಟೆ ಕಟ್ಟಲು ಅರ್ಧ ದಿನ ಸಾಕಾಯಿತು. ಜಾಲರಿ ಕಿತ್ತು ಕಾಲುವೆ ಮುಚ್ಚಿದ. ಗೇಟಿನ ಕೆಳಗೆ ಗೋಡೆಯಿಂದ ಗೋಡೆಗೆ ಗೇಣೆತ್ತರ, ಹಳೆಯದಕ್ಕಿಂತ ಎರಡು ಬೆರಳು ಹೆಚ್ಚೇ ಇರಲಿ ಎಂದು ಗಾರೆ ಅಕ್ಕ ಹೇಳಿದಳು. ಕರಣೆಯಲ್ಲಿ ಅಂಚು ತೀಡುವಾಗ ಅವನ ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತು. ಅವನು ಅದುವರೆಗೆ ಕಟ್ಟಿದ್ದೆಲ್ಲದಕ್ಕಿಂತ ಚೆನ್ನಾಗಿ ಬಂತು.

ಒಂದು ವಾರ ನೀರುಣಿಸಿದ ಮೇಲೆ ಪರೀಕ್ಷೆ. ಈ ಸಲ ಅವನು ಬೀದಿಗೆ ಇಳಿದು, ಆ ಕಡೆ ನಿಂತ. ಹೆಂಡತಿ ಬಾಗಿಲಿನಿಂದ ಹೊರಟಳು. ತಲೆ ಬಾಚಿಕೊಂಡಿದ್ದಳು, ಕತ್ತಿನಲ್ಲಿ ಸೀಟಿ ಇತ್ತು. ಬಲಗೈ, ಬಲಗಾಲು, ಬಲಗೈ, ಬಲಗಾಲು, ಅವನು ಗಾಜಿನಷ್ಟು ನುಣ್ಣಗೆ ಉಜ್ಜಿದ್ದ ಪಟ್ಟೆಗಳ ಮೇಲೆ ಸದ್ದಿಲ್ಲದೆ ಬಂದಳು. ಅವನು ತಂಬಿಗೆಯ ನೀರನ್ನು ಬೀದಿಯ ಕಡೆಯಿಂದ ಕಟ್ಟೆಯ ಬುಡಕ್ಕೆ ಹುಯ್ದ. ನೀರು ಕಟ್ಟೆಗೆ ತಾಗಿ, ಆ ಕಡೆ ಈ ಕಡೆ ಹುಡುಕಿ, ಹಿಂದಕ್ಕೆ ತಿರುಗಿತು.

"ಒಂದು ತೊಟ್ಟೂ ದಾಟಲ್ಲ" ಎಂದ. ಮೂವತ್ತು ವರ್ಷದ ಅಭ್ಯಾಸಕ್ಕೆ ಬಾಯಿಗೆ ಬಂದುಬಿಟ್ಟಿತು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಕಟ್ಟೆಗೆ ಬಂದು ತಾಗಿದವು. ಬೀದಿಯ ಬಾಯಲ್ಲಿ ಐದೂಕಾಲಿನ ಬಸ್ಸಿನ ಹಾರ್ನ್ ಕೇಳಿತು, ಒಂದು ಸಲ, ಇನ್ನೊಂದು ಸಲ. ಡ್ರೈವರ್ ಇವಳಿಗಾಗಿ ಕಾಯುತ್ತಿದ್ದ. ಅವಳು ಕತ್ತು ಉದ್ದ ಮಾಡಿ ನೋಡಿದಳು, ಪಕ್ಕದ ಗೋಡೆ ಅಡ್ಡವಿತ್ತು.

"ಎತ್ತಿ ದಾಟಿಸ್ಲಾ?" ಎಂದು ಅವನು ಕೇಳಿದ.

ಅವಳು ಬೇಡ ಎಂದು ತಲೆಯಾಡಿಸಿದಳು. ಹಾರ್ನ್ ಮತ್ತೆ ಕೇಳಿತು. ಅವಳು ಸೀಟಿಯನ್ನು ಬಾಯಿಗಿಟ್ಟು ಊದಿದಳು, ಆಮೇಲೆ ಗೋಡೆಯ ಆಚೆಗೆ ಕೇಳುವ ಹಾಗೆ, ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಕೂಗುತ್ತಿದ್ದ ಅದೇ ಗಂಟಲಿನಲ್ಲಿ ಕೂಗಿದಳು.

"ರೈಟ್! ಯಾರೂ ಇಲ್ಲ, ಹೋಗಿ, ರೈಟ್!"

ಬಸ್ಸು ಹೊರಟ ಸದ್ದು ಕೇಳಿಸಿತು. ಮೇಸ್ತ್ರಿ ಖಾಲಿ ತಂಬಿಗೆ ಹಿಡಿದು ಕಟ್ಟೆಯ ಆಚೆ ಬೀದಿಯಲ್ಲೇ ನಿಂತಿದ್ದ.